ಸುರಂಗದ ನೀರು ನೋಡೋಕೆ ಅಡ್ಯನಡ್ಕ, ಪೆರ್ಲ ಕಡೆ ಹೋಗಿದ್ದು

ನಮ್ಮೂರು ಕೋಲಾರದ ಕಡೆ, ಅಪ್ಪ ಕೊರೆಸಿದ ಕೊನೇ ಬೋರು 1,200 ಅಡಿ, ಬಂದಿದ್ದು ಬರೀ ಧೂಳು. ಅದಕ್ಕೇ ಬೋರಿಲ್ಲದೆ ತೋಟ ಮಾಡೋ ಜಾಗ ಇದೆ ಅಂದಾಗ ನೋಡ್ಲೇಬೇಕು ಅನ್ನಿಸ್ತು. ಏಪ್ರಿಲ್ ಬಿಸಿಲಲ್ಲಿ ಮಂಗಳೂರಿಂದ ಬೈಕ್ ಹತ್ತಿ, ಕಲ್ಲಡ್ಕದಲ್ಲಿ ಟೀ ಕುಡ್ದು, ವಿಟ್ಲ, ಅಡ್ಯನಡ್ಕ ಆಗಿ ಸಾರಡ್ಕದ ಹತ್ರ ಗಡಿ ದಾಟಿದ್ರೆ ಕಾಸರಗೋಡಿನ ಪೆರ್ಲ. ರಾಜ್ಯ ಬದಲಾಯ್ತು ಅಷ್ಟೇ, ಮಾತು ಅದೇ ಕನ್ನಡ, ತುಳು.

ಇಲ್ಲಿ ಮಳೆ ವರ್ಷಕ್ಕೆ 3,500 ಮಿ.ಮೀ. ಆಸುಪಾಸು, ನಮ್ಮ ಕೋಲಾರದ ನಾಲ್ಕೈದು ಪಟ್ಟು, ಆದ್ರೆ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡ ಎಲ್ಲಾನೂ ಕುಡಿದುಬಿಡತ್ತೆ, ಇಳಿಜಾರಲ್ಲಿ ಬಾವಿ ತೋಡಿದ್ರೆ ತುಂಬಾ ಆಳಕ್ಕೆ ಹೋಗ್ಬೇಕು, ಹಾಗಾಗಿ ಇವ್ರು ಕೆಳಗೆ ತೋಡೋ ಬದಲು ಗುಡ್ಡಕ್ಕೇ ಅಡ್ಡಡ್ಡ ತೋಡ್ಕೊಂಡು ಹೋಗ್ತಾರೆ, ಅದೇ ಸುರಂಗ.

ಪೆರ್ಲದ ಆಚೆ ಒಂದು ಮನೆ, ಯಜಮಾನ್ರಿಗೆ ಎಪ್ಪತ್ತು ದಾಟಿದೆ. "ಬನ್ನಿ, ತಲೆ ಜಾಗ್ರತೆ" ಅಂತ ಟಾರ್ಚ್ ಹಿಡ್ಕೊಂಡು ಮುಂದೆ ಹೋದ್ರು. ಒಬ್ರೇ ಬಗ್ಗಿ ಹೋಗೋ ಅಷ್ಟು ಜಾಗ, ಗೋಡೆ ತುಂಬ ಪಿಕ್ಕಾಸಿನ ಗುರುತು, ಪಾದ ಮುಳುಗೋಷ್ಟು ತಣ್ಣೀರು, ಮೇಲೆ ಬಾವಲಿ. "ಅಜ್ಜನ ಕಾಲದ್ದು, 60 ಕೋಲು ಉಂಟು" ಅಂದ್ರು. ಕೋಲು ಅಂದ್ರೆ ಎರಡೂವರೆ ಅಡಿಗೆ ಸ್ವಲ್ಪ ಕಮ್ಮಿ. ತೋಡುವಾಗ ದೀಪ ಮಂಕಾದ್ರೆ ಉಸಿರಾಡೋ ಗಾಳಿ ಕಮ್ಮಿ ಆಯ್ತು ಅಂತ ಗೊತ್ತಾಗಿ ಹೊರಗೆ ಬಂದ್ಬಿಡ್ತಿದ್ರಂತೆ. ಒಳಗೆ ಮಣ್ಣಿನ ಸಣ್ಣ ಕಟ್ಟೆ, ಅಲ್ಲಿಂದ ಪೈಪು, ಮೊದ್ಲೆಲ್ಲ ಅಡಿಕೆ ಮರ ಸೀಳಿ ಮಾಡಿದ ದಂಬೆ. ನೀರು ತಾನಾಗೇ ಇಳ್ಕೊಂಡು ಬಂದು ಅಂಗಳದ ಟ್ಯಾಂಕಿಗೆ ಬೀಳತ್ತೆ, ಕರೆಂಟೇ ಬೇಡ.

ನನ್ನ ಹೆಬ್ಬೆರಳಿನ ಗಾತ್ರದ ಧಾರೆ ಅಷ್ಟೇ ಅದು. ರಾತ್ರಿಯಿಡೀ ತುಂಬಿದ್ದನ್ನ ಬೆಳಿಗ್ಗೆ ಮನೆಗೆ, ಮಿಕ್ಕಿದ್ದು ಅಡಿಕೆಗೆ, ಆ ಟ್ಯಾಂಕಿ ಎಷ್ಟು ಸಾಕತ್ತೋ ಅಷ್ಟೇ ಗಿಡ, ಹೆಚ್ಚು ನೆಟ್ಟಿಲ್ಲ. ಇದನ್ನ ಕೇಳಿ ನನಗೆ ಹೊಟ್ಟೆ ಕಿವುಚಿದ ಹಾಗಾಯ್ತು, ನಮ್ಮಲ್ಲಿ ಮೊದ್ಲು ಬೆಳೆ ಹಾಕಿ ಆಮೇಲೆ ನೀರು ಹುಡ್ಕಿದ್ವಿ. ಇವ್ರದ್ದೇ ಇನ್ನೊಂದು ಸುರಂಗ, ಪಕ್ಕದಲ್ಲಿ ಬೋರು ಬಂದ್ಮೇಲೆ ಬತ್ತಿಹೋಯ್ತಂತೆ, ಅದರ ಬಾಯಿಗೆ ಈಗ ಮುಳ್ಳು ಹಾಕಿದ್ದಾರೆ.

ವಾಪಸ್ ಬರ್ತಾ ಅಡ್ಯನಡ್ಕದಲ್ಲಿ ಅಮೈ ಮಹಾಲಿಂಗ ನಾಯ್ಕರ ಮಾತು ಬಂತು. ಕೂಲಿ ಮಾಡ್ತಿದ್ದವ್ರು, ಸಿಕ್ಕಿದ ಬೋಳುಗುಡ್ಡದಲ್ಲಿ ಕೆಲಸ ಮುಗಿಸಿ ಬಂದು ದೀಪ ಇಟ್ಕೊಂಡು ಒಬ್ರೇ ತೋಡಿದ್ರು, ಐದು ಸುರಂಗದಲ್ಲಿ ನೀರಿಲ್ಲ, ಆರನೇದ್ರಲ್ಲಿ ಬಂತು. 2022ರಲ್ಲಿ ಪದ್ಮಶ್ರೀ ಕೊಟ್ರು. ಐದು ಸಲ ಸೋತು ಮತ್ತೆ ಪಿಕ್ಕಾಸು ಎತ್ತೋದು ಅಂದ್ರೆ ಎಂಥ ಮನುಷ್ಯ!

ರಾತ್ರಿ ಅಪ್ಪಂಗೆ ಫೋನ್ ಮಾಡಿದೆ. ಮೊದ್ಲು ಕೇಳಿದ್ದೇ "ಮೋಟ್ರು ಎಷ್ಟು ಎಚ್‌ಪಿ?" ಮೋಟ್ರೇ ಇಲ್ಲಪ್ಪಾ ಅಂದೆ, ನಂಬ್ಲಿಲ್ಲ, ಆ ಧಾರೆಯ ವಿಡಿಯೋ ಕಳಿಸಿದೀನಿ.