ಮಲಗುವುದೂ ಡ್ಯೂಟಿ

ಪಣಜಿಯಲ್ಲಿ ನಾನು ಮಾಡುವ ಕೆಲಸಕ್ಕೆ ಡೆಲಿವರಿ ಅಂತಾರೆ. ಯಾರೋ ಯಾಟ್, ಅಂದರೆ ಹಾಯಿದೋಣಿ, ಕೊಂಡಿರುತ್ತಾರೆ. ಅದನ್ನು ಇನ್ನೊಂದು ಬಂದರಿಗೆ ಹಾಯಿಸಿಕೊಂಡು ಹೋಗಿ ಒಪ್ಪಿಸುವುದು ನಮ್ಮ ಕೆಲಸ. ಊರಲ್ಲಿ ಇದನ್ನು ಹೇಳಿದರೆ ಎಲ್ಲರೂ ಕೇಳುವುದು ಒಂದೇ, "ರಾತ್ರಿ ಎಲ್ಲಿ ನಿಲ್ಲಿಸ್ತೀರಿ?" ನಿಲ್ಲಿಸೋದಿಲ್ಲ. ನಡುಸಮುದ್ರದಲ್ಲಿ ಲಂಗರು ತಳ ಮುಟ್ಟುವುದಿಲ್ಲ. ದೋಣಿ ಹಗಲೂ ರಾತ್ರಿ ಓಡುತ್ತಲೇ ಇರುತ್ತದೆ. ಅದಕ್ಕೇ ಹೊಸಬರಿಗೆ ಹಾಯಿ, ಹಗ್ಗ, ಗಂಟು ಇವೆಲ್ಲಕ್ಕಿಂತ ಮೊದಲು ನಿದ್ದೆ ಮಾಡುವುದನ್ನು ಕಲಿಸಬೇಕು ಅನ್ನೋದು ನನ್ನ ಅಭಿಪ್ರಾಯ.

ಗೋವಾದಿಂದ ಮಾಲ್ಡೀವ್ಸ್‌ನ ಮಾಲೆಗೆ ಸುಮಾರು 680 ನಾಟಿಕಲ್ ಮೈಲಿ. ಗಂಟೆಗೆ 5 ಮೈಲಿ ಸಿಕ್ಕರೆ ಐದಾರು ದಿನ. ದೋಣಿಯಲ್ಲಿ ಸ್ಕಿಪ್ಪರ್ (ದೋಣಿಯ ಮುಖ್ಯಸ್ಥರು), ನಾನು, ಇನ್ನೊಬ್ಬ ಹುಡುಗ. 3 ಗಂಟೆ ವಾಚ್, ಅಂದರೆ ಎಚ್ಚರವಿದ್ದು ದೋಣಿ ನೋಡಿಕೊಳ್ಳುವ ಪಾಳಿ, 6 ಗಂಟೆ ಬಿಡುವು. ದಿನಕ್ಕೆ 8 ಪಾಳಿ, ಆಳು ಮೂವರು. ಹಾಗಾಗಿ ಪಾಳಿ ತಾನಾಗಿಯೇ ದಿನಾ ಸರಿಯುತ್ತದೆ, ನಡುರಾತ್ರಿಯ ವಾಚ್ ಒಬ್ಬನ ತಲೆಗೇ ಕಟ್ಟುವುದಿಲ್ಲ. ಬಿಡುವಿನ 6 ಗಂಟೆಯೂ ಪೂರ್ತಿ ನಿದ್ದೆಗೆ ಸಿಗುತ್ತದೆ ಅಂದ್ಕೋಬೇಡಿ. ಊಟ, ಪಾತ್ರೆ, ಒದ್ದೆ ಬಟ್ಟೆ ಎಲ್ಲ ಕಳೆದು 4 ಗಂಟೆ ಸಿಕ್ಕರೆ ಪುಣ್ಯ.

ಒಂದು ಟ್ರಿಪ್ಪಿನಲ್ಲಿ ನಮ್ಮ ಜೊತೆ ಬಂದಿದ್ದ ಹುಡುಗ ವಾಸ್ಕೋದವನು, ಮನೆಯವರು ಬಾಗಲಕೋಟೆ ಕಡೆಯವರು. ಕೈ ಚುರುಕು, ಭಯ ಅನ್ನೋದೇ ಇಲ್ಲ. ಮೊದಲ ರಾತ್ರಿ ಕಾರವಾರದ ಆಚೆ ಮೀನುದೋಣಿಗಳ ಸಾಲು ಸಿಕ್ಕಿತು. ಕೆಲವಕ್ಕೆ ದೀಪ ಇದೆ, ಕೆಲವಕ್ಕೆ ಇಲ್ಲ. ಬಲೆ ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗುವುದಿಲ್ಲ. ಅವನಿಗೆ ಅದೇ ಹಬ್ಬ. ವಾಚ್ ಮುಗಿದರೂ ಕೆಳಗೆ ಹೋಗಲಿಲ್ಲ. "ನಂಗ ನಿದ್ದಿ ಬರೂದಿಲ್ಲಣ್ಣ. ನಾ ಇಲ್ಲೇ ಕುಂತಿರ್ತೀನಿ, ನೀವು ಮಲಕೋರಿ" ಅಂದ. ಮರುದಿನ ಹಗಲಲ್ಲೂ ಮಲಗಲಿಲ್ಲ. ಡಾಲ್ಫಿನ್ ನೋಡಿದ, ಪಾತ್ರೆ ತಿಕ್ಕಿದ, ಹಗ್ಗ ಸುತ್ತಿಟ್ಟ.

ನಮ್ಮಲ್ಲಿ ಪ್ರತಿ ಗಂಟೆಗೆ ಲಾಗ್‌ಬುಕ್‌ನಲ್ಲಿ ಅಕ್ಷಾಂಶ, ರೇಖಾಂಶ, ವೇಗ, ಗಾಳಿ, ವಾಯುಭಾರ ಬರೆಯಬೇಕು. ನೇರ ದಕ್ಷಿಣಕ್ಕೆ ಹೋಗುವಾಗ ಲೆಕ್ಕ ಸುಲಭ. ಒಂದು ನಾಟಿಕಲ್ ಮೈಲಿ ಅಂದ್ರೆ ಅಕ್ಷಾಂಶದ ಒಂದು ಮಿನಿಟು, ಡಿಗ್ರಿಯ ಅರವತ್ತನೇ ಒಂದು ಭಾಗ. ಎರಡನೇ ರಾತ್ರಿ ಕಳೆದು ಬೆಳಿಗ್ಗೆ ಸ್ಕಿಪ್ಪರ್ ಪುಟ ನೋಡಿದರು. ಹುಡುಗನ ಪಾಳಿಯಲ್ಲಿ 4 ಗಂಟೆಯ ಸಾಲು, 5 ಗಂಟೆಯ ಸಾಲು ಎರಡರಲ್ಲೂ ಒಂದೇ ಅಕ್ಷಾಂಶ. ವೇಗದ ಕಾಲಂನಲ್ಲಿ ಮಾತ್ರ 5.2 ಅಂತ ನೀಟಾಗಿ ಬರೆದಿದ್ದ. ಸ್ಕಿಪ್ಪರ್ ಆ ಸಾಲಿನ ಮೇಲೆ ಬೆರಳಿಟ್ಟು, ದೋಣಿ ಒಂದು ಗಂಟೆ ನಿಂತಲ್ಲೇ ನಿಂತಿತ್ತಾ ಅಂತ ಕೇಳಿದರು. ಹುಡುಗ ಸುಳ್ಳು ಬರೆದಿರಲಿಲ್ಲ. ಜಿಪಿಎಸ್ ನೋಡಿಯೇ ಬರೆದೆ ಅಂತ ಅವನೇ ನಂಬಿದ್ದ. ಕಣ್ಣು ಬಿಟ್ಟೇ ಇತ್ತು, ತಲೆ ಮಲಗಿತ್ತು.

ಬೈಗುಳ ಬೀಳಲಿಲ್ಲ. ಅವನ ಮುಂದಿನ ವಾಚ್ ರದ್ದಾಯಿತು, ಅದನ್ನು ಸ್ಕಿಪ್ಪರ್ ಮತ್ತು ನಾನು ಹಂಚಿಕೊಂಡೆವು. ಅಂದರೆ ಅವನು ಬಿಟ್ಟಿಯಾಗಿ ಎಚ್ಚರ ಕೂತಿದ್ದರ ಸಾಲ ತೀರಿದ್ದು ನಮ್ಮ ನಿದ್ದೆಯಲ್ಲಿ. ಆಫೀಸಿನಲ್ಲಾದರೆ ರಾತ್ರಿಯಿಡೀ ಕೂತವನಿಗೆ ಶಭಾಷ್ ಸಿಗುತ್ತೆ, ಅಲ್ವಾ? ಇಲ್ಲಿ ಅವನೇ ತಲೆನೋವು.

ಯಾಕೆ ಇಷ್ಟು ಬಿಗಿ ಅಂದರೆ, ಮುಂದೆ ನೈನ್ ಡಿಗ್ರಿ ಚಾನೆಲ್ ಇತ್ತು. ಮಿನಿಕಾಯ್ ಮತ್ತು ಉಳಿದ ಲಕ್ಷದ್ವೀಪದ ನಡುವಿನ ನೀರು ಅದು. ಸೂಯೆಜ್ ಕಡೆಯಿಂದ ಕೊಲಂಬೊ, ಸಿಂಗಪುರಕ್ಕೆ ಹೋಗುವ ದೊಡ್ಡ ಹಡಗುಗಳ ದಾರಿ. ನಾವು ಅದನ್ನು ಅಡ್ಡ ದಾಟಬೇಕು. 18 ನಾಟ್, ಅಂದರೆ ಗಂಟೆಗೆ 18 ನಾಟಿಕಲ್ ಮೈಲಿ ವೇಗದ ಹಡಗು 6 ಮೈಲಿಯನ್ನು 20 ನಿಮಿಷದಲ್ಲಿ ಮುಗಿಸುತ್ತದೆ. ಸುತ್ತಲಿನ ಹಡಗುಗಳನ್ನು ತೋರಿಸುವ ಎಐಎಸ್ ಪರದೆ ಇದೆ ನಿಜ. ಆದರೂ ಪ್ರತಿ ಹತ್ತು ನಿಮಿಷಕ್ಕೆ ಎದ್ದು ಸುತ್ತ ಕಣ್ಣಾಡಿಸಬೇಕು. ಒಂದು ದೀಪ ದಿಕ್ಸೂಚಿಯಲ್ಲಿ ಅದೇ ಕೋನದಲ್ಲಿ ನಿಂತು ದೊಡ್ಡದಾಗುತ್ತಾ ಬಂದರೆ ಅದು ನಮ್ಮ ಮೇಲೇ ಬರುತ್ತಿದೆ ಎಂದರ್ಥ.

ಆ ರಾತ್ರಿಗಾಗಿ ಹಗಲೇ ತಯಾರಿ ನಡೆಯಿತು. ಮಧ್ಯಾಹ್ನ ಸರದಿಯಲ್ಲಿ ಎಲ್ಲರಿಗೂ ಕಡ್ಡಾಯ ನಿದ್ದೆ. ಮುಂದಿನ ಕ್ಯಾಬಿನ್ ಜಾಸ್ತಿ ಎತ್ತಿ ಹಾಕುತ್ತದೆ, ಅಲ್ಲಿ ಬೇಡ. ದೋಣಿಯ ನಡುವಿನ ಬಂಕ್, ಅದರಲ್ಲೂ ವಾಲಿದ ಕಡೆಯದು ವಾಸಿ. ಉರುಳಿ ಬೀಳದಂತೆ ಪಕ್ಕಕ್ಕೆ ಕ್ಯಾನ್ವಾಸ್ ಬಟ್ಟೆ ಎಳೆದು ಕಟ್ಟಬೇಕು. ಅಡುಗೆಗೆ ಕುಕ್ಕರ್ ಬಿಟ್ಟರೆ ಬೇರೆ ಪಾತ್ರೆ ನಾನು ನಂಬುವುದಿಲ್ಲ, ಮುಚ್ಚಳ ಬಿಗಿ ಇರುತ್ತೆ, ಅಲೆಗೆ ಚೆಲ್ಲುವುದಿಲ್ಲ. ಆದರೆ ಸೀಟಿ! ಅದಕ್ಕೇ ಅನ್ನ-ಸಾರು ಇಡುವುದು ವಾಚ್ ಬದಲಾಗುವ ಹೊತ್ತಿಗೆ ಮಾತ್ರ.

ಕತ್ತಲಾಗುವ ಮುಂಚೆ ಹಾಯಿಗೆ ಒಂದು ರೀಫ್ ಹಾಕಿ ಚಿಕ್ಕದು ಮಾಡುತ್ತೇವೆ. ವೇಗ ಅರ್ಧ ನಾಟ್ ಇಳಿಯಬಹುದು. 12 ಗಂಟೆಗೆ 6 ಮೈಲಿ ನಷ್ಟ, ಅಂದರೆ ಒಂದು ಗಂಟೆ ತಡ, ಅಷ್ಟೇ. ನಡುರಾತ್ರಿ ಗಾಳಿ ಏರಿದರೆ ಮಲಗಿದವರನ್ನೆಲ್ಲ ಎಬ್ಬಿಸಿ ಡೆಕ್ಕಿಗೆ ಓಡಿಸುವುದು ತಪ್ಪುತ್ತದೆ. ಎಷ್ಟೋ ಮಾಲೀಕರಿಗೆ ಈ ಲೆಕ್ಕ ರುಚಿಸುವುದಿಲ್ಲ.

ಎಬ್ಬಿಸುವುದಕ್ಕೂ ಕ್ರಮ ಇದೆ. 15 ನಿಮಿಷ ಮೊದಲೇ, ಕೆಂಪು ಟಾರ್ಚ್ ಹಿಡಿದು. ಬಿಳಿ ಬೆಳಕು ಕಣ್ಣಿಗೆ ಬಿದ್ದರೆ ಮತ್ತೆ ಕತ್ತಲಿಗೆ ಒಗ್ಗಲು ಅರ್ಧ ಗಂಟೆಯೇ ಬೇಕಾಗಬಹುದು. ಚಹಾ ಕೊಟ್ಟು, ಯಾವ ಹಡಗು ಎಲ್ಲಿದೆ ಅಂತ ಬಾಯಲ್ಲಿ ಹೇಳಿ, ಅವನು ಹಾರ್ನೆಸ್ (ದೋಣಿಗೆ ಬಿಗಿದುಕೊಳ್ಳುವ ಸುರಕ್ಷಾ ಪಟ್ಟಿ) ಕೊಕ್ಕೆ ಹಾಕಿದ ಮೇಲೆಯೇ ಕೆಳಗಿಳಿಯಬೇಕು. ಸ್ಕಿಪ್ಪರ್ ಹಾಕಿದ ನಿಯಮ, ಹಡಗು 2 ಮೈಲಿಯೊಳಗೆ ಬರುವಂತಿದ್ದರೆ ನನ್ನನ್ನು ಕರೆಯಿರಿ. ನಮ್ಮ ಹುಡುಗರಿಗೆ ಇದೇ ಕಷ್ಟ. ಹಿರಿಯರು ಮಲಗಿದ್ದಾರೆ, ಹೇಗೆ ಎಬ್ಬಿಸೋದು ಅಂತ ಸಂಕೋಚ. ಆ ರಾತ್ರಿ ನಮ್ಮ ಹುಡುಗ ಸ್ಕಿಪ್ಪರನ್ನು ಎರಡು ಸಲ ಎಬ್ಬಿಸಿದ. ಒಂದು ಸಲ ಸುಮ್ನೆ, ಹಡಗು ದೂರದಲ್ಲೇ ಹೋಯಿತು. ಸ್ಕಿಪ್ಪರ್ ಥ್ಯಾಂಕ್ಸ್ ಹೇಳಿ ಮತ್ತೆ ಮಲಗಿದರು.

ಒಂಟಿಯಾಗಿ ಹೋಗುವವರ ಕತೆ ಬೇರೆಯೇ. ಆಗ ನೌಕಾಪಡೆಯ ಅಧಿಕಾರಿಯಾಗಿದ್ದ ಅಭಿಲಾಷ್ ಟೋಮಿ 2012ರ ನವೆಂಬರ್ 1ರಂದು ಮುಂಬೈಯಿಂದ ಹೊರಟು ಎಲ್ಲೂ ನಿಲ್ಲದೆ ಭೂಮಿ ಸುತ್ತಿ 2013ರ ಮಾರ್ಚ್ 31ಕ್ಕೆ ವಾಪಸಾದರು. ದೋಣಿ ಇಲ್ಲೇ ಗೋವಾದಲ್ಲಿ ಕಟ್ಟಿದ್ದು, ಹೆಸರು ನಮ್ಮ ಖಾನಾಪುರದ ಕಾಡಲ್ಲಿ ಹುಟ್ಟುವ ಮಹದಾಯಿಯದೇ. ವಾಚ್ ಒಪ್ಪಿಸಲು ಇನ್ನೊಬ್ಬರಿಲ್ಲ, ತುಂಡು ತುಂಡು ನಿದ್ದೆಯೇ ಗತಿ. ನನ್ನ ಕೈಲಂತೂ ಆಗದು.

ಈಗ ಹೊಸ ಹುಡುಗರು ಕೆಲಸ ಕೇಳಿಕೊಂಡು ಬಂದರೆ ಈಜು ಬರುತ್ತಾ ಅಂತ ಕೇಳುತ್ತೇನೆ. ಆಮೇಲೆ, ಮಧ್ಯಾಹ್ನ ನಿದ್ದೆ ಬರುತ್ತಾ? ಎಲ್ಲರೂ ತಮಾಷೆ ಅಂದುಕೊಂಡು ನಗುತ್ತಾರೆ. ಬರುತ್ತೆ ಅಂದವನ ನಂಬರ್ ಬರೆದುಕೊಳ್ಳುತ್ತೇನೆ.