ಸುಮ್ನೆ ಸಿಮ್ಯುಲೇಶನ್ ಓಡಿಸಿದರೆ ಸಾಲದಾ?

ಜೀವಕೋಶದಂತೆ ಲೆಕ್ಕ ಮಾಡುವ ಮಾದರಿಗಳ ಬಗ್ಗೆ ಓದುತ್ತಿದ್ದೇನೆ ಎಂದ ಕೂಡಲೇ ಎಲ್ಲರೂ ಕೇಳುತ್ತಾರೆ: "ಅದಕ್ಕೆ ಫಾರ್ಮಲ್ ಸೆಮ್ಯಾಂಟಿಕ್ಸ್, ಅಂದರೆ ನಿಯಮಗಳ ಖಚಿತ ಅರ್ಥ ಬರೆದಿಡೋದು, ಯಾಕೆ? ಪ್ರೋಗ್ರಾಂ ಬರೆದು ಓಡಿಸಿದರೆ ಆಗಲ್ವಾ?"

ಉತ್ತರಕ್ಕೆ ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ಒಂದು ಸುತ್ತು ಬರೆಯಿರಿ. ಅದು ಪೊರೆ. ಒಳಗೆ ಎರಡು ‘ಕ’ ಇಡಿ. ನಿಯಮ ಎರಡೇ. ಒಂದು ‘ಕ’ ಬದಲಾಗಿ ‘ಚ’ ಆಗಬಹುದು. ಒಂದು ‘ಕ’ ಮತ್ತು ಒಂದು ‘ಚ’ ಸೇರಿ ‘ಟ’ ಆಗಬಹುದು. ಈಗ ಹೇಳಿ, ‘ಟ’ ಹುಟ್ಟುತ್ತದಾ?

ಹೆಜ್ಜೆಗೆ ಒಂದೇ ನಿಯಮ ಎಂದುಕೊಂಡರೆ ಹುಟ್ಟಬಹುದು. ಮೊದಲು ಒಂದು ‘ಕ’ ಬದಲಾಗುತ್ತದೆ, ಉಳಿದದ್ದು ಅದರ ಜೊತೆ ಸೇರಬಹುದು. ಆದರೆ ಬದಲಾಗಬಲ್ಲದ್ದೆಲ್ಲ ಒಂದೇ ಹೆಜ್ಜೆಯಲ್ಲಿ ಬದಲಾಗಲೇಬೇಕು ಎಂದರೆ? ಎರಡೂ ‘ಕ’ ಒಟ್ಟಿಗೇ ‘ಚ’ ಆಗಿಬಿಡುತ್ತವೆ. ‘ಟ’ ಹುಟ್ಟುವುದೇ ಇಲ್ಲ. ನಿಯಮದಲ್ಲಿ ಒಂದಕ್ಷರವೂ ಬದಲಾಗಿಲ್ಲ. ಬದಲಾದದ್ದು ‘ಹೆಜ್ಜೆ’ ಎಂಬ ಮಾತಿನ ಅರ್ಥ. ಆ ಅರ್ಥವನ್ನು ಗೊಂದಲವಿಲ್ಲದೆ ಬರೆದಿಡುವುದೇ ಸೆಮ್ಯಾಂಟಿಕ್ಸ್.

ರೊಮೇನಿಯಾದ ಗಣಿತಜ್ಞ ಗೆಯೋರ್ಗೆ ಪೌನ್ 1998ರಲ್ಲಿ ಪೊರೆಗಳ ಮಾದರಿಯನ್ನು ಮುಂದಿಟ್ಟಾಗ ಆರಿಸಿಕೊಂಡದ್ದು ಎರಡನೆಯ ಬಗೆಯನ್ನು. ನಿಜವಾದ ಜೀವಕೋಶದಲ್ಲಿ ಎಲ್ಲಕ್ಕೂ ಒಟ್ಟಿಗೆ ಹೊಡೆಯುವ ಗಂಟೆ ಇಲ್ಲ, ಹಾಗಾಗಿ ಇದು ಜೀವಶಾಸ್ತ್ರದ ನಕಲು ಅಲ್ಲ. ಅದನ್ನು ಮುಚ್ಚಿಡಬಾರದು ಅಂತ ನನಗನ್ನಿಸುತ್ತದೆ.

ಪೌನ್ ಮಾದರಿಯಲ್ಲಿ ಪೊರೆಯೊಳಗೆ ಪೊರೆ ಇರಬಹುದು, ಒಳಗಿನ ಪೊರೆ ಕರಗಲೂಬಹುದು. ಆಗ ಅದರೊಳಗಿನ ವಸ್ತುಗಳು ಹೊರಗಿನ ಪೊರೆಗೆ ಸೇರುತ್ತವೆ, ಕರಗಿದ ಪೊರೆಯ ನಿಯಮಗಳು ಅಳಿಯುತ್ತವೆ. ಒಂದೇ ಹೆಜ್ಜೆಯಲ್ಲಿ ಒಂದು ನಿಯಮ ವಸ್ತುವನ್ನು ಹೊರಗೆ ಕಳಿಸುತ್ತಿದೆ, ಇನ್ನೊಂದು ಪೊರೆಯನ್ನೇ ಕರಗಿಸುತ್ತಿದೆ. ಯಾವುದು ಮೊದಲು? ರೊಮೇನಿಯಾದವರೇ ಆದ ಸಂಶೋಧಕರು ಆಂಡ್ರೇ, ಚೊಬಾನು, ಲುಕಾನು ಒಂದು ಹೆಜ್ಜೆಯನ್ನು ಮೂರಾಗಿ ಬಿಡಿಸಿದರು: ಮೊದಲು ನಿಯಮಗಳು ನಡೆಯಲಿ, ಆಮೇಲೆ ವಸ್ತುಗಳು ಸೇರಬೇಕಾದಲ್ಲಿ ಸೇರಲಿ, ಕೊನೆಗೆ ಪೊರೆ ಕರಗಲಿ. ಇದನ್ನು ಮೌಡ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು ಓಡಿಸಿಯೂ ತೋರಿಸಿದರು. ನನಗೆ ಈ ಕೆಲಸ ತುಂಬಾ ಇಷ್ಟ. ಅಂದಾಜಿಗೆ ಬಿಟ್ಟಿದ್ದ ಜಾಗವನ್ನು ಅದು ಹಿಡಿದು ನಿಲ್ಲಿಸಿತು.

ಮತ್ತೆ ನಮ್ಮ ಹಾಳೆಗೆ ಬನ್ನಿ. ಎರಡರ ಬದಲು ಸಾವಿರ ‘ಕ’ ಇಟ್ಟು, ಎರಡನೆಯ ಬಗೆಯಲ್ಲಿ ಪ್ರೋಗ್ರಾಂ ಓಡಿಸಿ. ‘ಟ’ ಕಾಣಿಸಲ್ಲ. ಹಾಗಂತ ಲಕ್ಷ ‘ಕ’ ಇಟ್ಟಾಗಲೂ ಕಾಣಿಸಲ್ಲ ಎಂದು ಪ್ರೋಗ್ರಾಂ ಹೇಳಲಾರದು. ಹೆಜ್ಜೆಯ ಅರ್ಥ ಗೊತ್ತಿದ್ದರೆ ನೀವೇ ಹೇಳಬಹುದು: ಎಷ್ಟೇ ಇಟ್ಟರೂ ಮೊದಲ ಹೆಜ್ಜೆಗೇ ಎಲ್ಲ ‘ಕ’ಗಳೂ ಖಾಲಿ. ಹೊಸ ‘ಕ’ ಹುಟ್ಟಿಸುವ ನಿಯಮ ಇಲ್ಲವಲ್ಲ.