ಪ್ರಾಸ್ಟೇಟ್ ಕ್ಯಾನ್ಸರ್: ಚಿಕಿತ್ಸೆಯ ನಂತರದ ಹಳಹಳಿ ಎಲ್ಲಿಂದ ಬರುತ್ತದೆ?

ಗ್ರಂಥಿಯಾಚೆ ಹರಡದ ಪ್ರಾಸ್ಟೇಟ್ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಹೆಚ್ಚಿನ ಗಂಡಸರಿಗೆ ತಮ್ಮ ಆಯ್ಕೆಯ ಬಗ್ಗೆ ಹಳಹಳಿ ಇರುವುದಿಲ್ಲ. ಇರುವವರು ಎಷ್ಟು ಜನ? ಅಮೆರಿಕದಲ್ಲಿ 2,072 ಜನರನ್ನು ಐದು ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನೂರಕ್ಕೆ 13. ಆಪರೇಷನ್ ಮಾಡಿಸಿಕೊಂಡವರಲ್ಲಿ 16, ರೇಡಿಯೇಷನ್ ಪಡೆದವರಲ್ಲಿ 11, ಸದ್ಯಕ್ಕೆ ಚಿಕಿತ್ಸೆ ಬೇಡವೆಂದು ನಿಗಾದಲ್ಲಿದ್ದವರಲ್ಲಿ 7. ಇದನ್ನು ನೋಡಿ ಆಪರೇಷನ್ನೇ ಕೆಟ್ಟದ್ದು ಅಂದುಕೊಂಡರೆ ಮುಖ್ಯ ಮಾತೇ ಕೈತಪ್ಪುತ್ತದೆ. ಅಡ್ಡಪರಿಣಾಮ ತಾವು ಎಣಿಸಿದ್ದಕ್ಕಿಂತ ಜಾಸ್ತಿಯಾಯಿತು ಅನ್ನಿಸಿದವರಲ್ಲಿ ಹಳಹಳಿ ಹೆಚ್ಚಾಗಿತ್ತು. ಲೈಂಗಿಕ ಶಕ್ತಿ ಕುಗ್ಗಿದವರಲ್ಲೂ ಅಷ್ಟೇ. ಅಂದರೆ ಚಿಕಿತ್ಸೆಗೆ ಮುಂಚೆ ಆಗಬೇಕಿದ್ದ ಮಾತುಕತೆ ಹಲವರ ವಿಷಯದಲ್ಲಿ ಆಗಿರಲಿಲ್ಲ ಅನ್ನಿಸುತ್ತದೆ.

ಮೂತ್ರ ಸೋರಿಕೆಯನ್ನೇ ನೋಡಿ. ಮೂತ್ರ ತಡೆಯಲು ಗಂಡಸಿಗೆ ಎರಡು ಬಿಗಿ ಇರುತ್ತವೆ: ಮೂತ್ರಕೋಶದ ಕತ್ತಿನಲ್ಲಿ ಒಂದು, ಪ್ರಾಸ್ಟೇಟಿನ ಕೆಳಗೆ ಇನ್ನೊಂದು. ಗ್ರಂಥಿಯನ್ನು ತೆಗೆಯುವಾಗ ಮೇಲಿನದು ಬಹುಪಾಲು ಹೋಗುತ್ತದೆ. ಉಳಿದ ಒಂದೇ ಸ್ನಾಯು ಇಡೀ ಕೆಲಸ ಹೊರುವುದನ್ನು ಕಲಿಯುವ ತನಕ ಕೆಮ್ಮಿದರೆ, ಕುರ್ಚಿಯಿಂದ ಎದ್ದರೆ, ಭಾರ ಎತ್ತಿದರೆ ಹನಿ ಬೀಳುತ್ತದೆ, ಮಲಗಿದಾಗ ಅಷ್ಟಿಲ್ಲ. ಆಪರೇಷನ್, ರೇಡಿಯೇಷನ್, ನಿಗಾ ಮೂರನ್ನೂ ಹೋಲಿಸಿದ ಬ್ರಿಟನ್ನಿನ ಪ್ರೊಟೆಕ್ಟ್ ಪ್ರಯೋಗದಲ್ಲಿ ಆಪರೇಷನ್ ಗುಂಪಿನ ನೂರಕ್ಕೆ 46 ಜನ ಆರು ತಿಂಗಳಾದ ಮೇಲೂ ಪ್ಯಾಡ್ ಬಳಸುತ್ತಿದ್ದರು, ಆರು ವರ್ಷಕ್ಕೆ 17. 'ಸೋರಿಕೆ ನಿಂತುಹೋಗುತ್ತೆ' ಎಂಬ ಭರವಸೆಯಲ್ಲಿ ಒಂದು ಸಣ್ಣ ಮೋಸವೂ ಇದೆ: ದಿನಕ್ಕೆ ಒಂದು ಪ್ಯಾಡ್ ಹಾಕುವವರನ್ನೂ 'ಸೋರಿಕೆ ಇಲ್ಲ' ಎಂಬ ಲೆಕ್ಕಕ್ಕೇ ಸೇರಿಸುವುದುಂಟು. ಕೇಳುವಾಗ ಬಿಡಿಸಿ ಕೇಳಬೇಕು: ಒಂದು ವರ್ಷಕ್ಕೆ ಒಂದೂ ಪ್ಯಾಡ್ ಬೇಡದವರು ಎಷ್ಟು?

ನಿಮಿರುವಿಕೆಯ ನರಗಳು ಗ್ರಂಥಿಯ ಎರಡೂ ಪಕ್ಕಕ್ಕೆ ಜೇಡರಬಲೆಯ ಹಾಗೆ ಅಂಟಿಕೊಂಡಿರುತ್ತವೆ. ಅವನ್ನು ಉಳಿಸಿದರೂ ಎಳೆತಕ್ಕೆ, ಬಿಸಿಗೆ ಮಂಕಾಗಿರುತ್ತವೆ. ಚೇತರಿಕೆಗೆ ಒಂದೂವರೆ-ಎರಡು ವರ್ಷ ಹಿಡಿಯಬಹುದು, ಆಗದೆಯೂ ಇರಬಹುದು. ಸಿಲ್ಡೆನಾಫಿಲ್‌ನಂಥ ಮಾತ್ರೆ ಕೆಲಸ ಮಾಡಬೇಕಾದರೂ ನರ ಅಷ್ಟಿಷ್ಟು ಜೀವಂತವಾಗಿರಬೇಕು. ಇಲ್ಲದಿದ್ದರೆ ಉಳಿಯುವುದು ನಿರ್ವಾತ ಪಂಪ್, ಇಂಜೆಕ್ಷನ್, ಇಂಪ್ಲಾಂಟ್. ಮುಂಚೆಯೇ ಶಕ್ತಿ ಕುಂದಿದ್ದವರಿಗೆ ಆಪರೇಷನ್ ಅದನ್ನು ಹೆಚ್ಚಿಸಿಕೊಡುವುದಿಲ್ಲ, ಹಾಗಾಗಿ ಈಗಿನ ಸ್ಥಿತಿಯನ್ನು ಮುಚ್ಚುಮರೆ ಇಲ್ಲದೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಇನ್ನು ಯಾರೂ ಬಾಯಿಬಿಟ್ಟು ಹೇಳದ ಸಂಗತಿಗಳು: ಆಪರೇಷನ್ ನಂತರ ಸುಖದ ತುದಿ ಮುಟ್ಟಿದರೂ ವೀರ್ಯ ಬರುವುದಿಲ್ಲ, ಕೆಲವರಿಗೆ ಆ ಹೊತ್ತಿಗೆ ಮೂತ್ರ ಜಿನುಗುತ್ತದೆ, ಶಿಶ್ನ ಸ್ವಲ್ಪ ಮೊಟಕಾಗಬಹುದು. ಇದು ಹೆಂಡತಿಗೂ ಮೊದಲೇ ಗೊತ್ತಿರಬೇಕು.

ರೇಡಿಯೇಷನ್ನಿನ ಹಳಹಳಿ ತಡವಾಗಿ ಬರುತ್ತದೆ. ಮೊದಲ ವರ್ಷ ಚೆನ್ನಾಗಿದ್ದವರ ನಿಮಿರುವಿಕೆ ಮುಂದಿನ ಕೆಲವು ವರ್ಷಗಳಲ್ಲಿ ನಿಧಾನಕ್ಕೆ ಇಳಿಯಬಹುದು, ಮಲದಲ್ಲಿ ರಕ್ತ ಕಾಣಿಸಬಹುದು. ಮಧ್ಯಮ ಅಪಾಯದ ಕ್ಯಾನ್ಸರಿದ್ದ ಹಲವರಿಗೆ 4-6 ತಿಂಗಳು, ಹೆಚ್ಚಿನ ಅಪಾಯದವರಿಗೆ 18ರಿಂದ 36 ತಿಂಗಳು ಗಂಡು ಹಾರ್ಮೋನನ್ನು ತಗ್ಗಿಸುವ ಇಂಜೆಕ್ಷನ್ ಜೊತೆಗಿರುತ್ತದೆ. ಮೈ ಕುದಿಯುವಂಥ ಬಿಸಿ, ಆಸೆಯೇ ಇಲ್ಲವಾಗುವುದು, ಸುಸ್ತು, ತೂಕ ಏರುವುದು ಬಹುಪಾಲು ಅದರದ್ದೇ ಕಾಟ. ರೇಡಿಯೇಷನ್ ಬಗ್ಗೆ ಗಂಟೆಗಟ್ಟಲೆ ಓದಿಕೊಂಡು ಬಂದವರೂ ಇದನ್ನು ಕೇಳಿರುವುದಿಲ್ಲ.

ನಿಗಾದಲ್ಲಿ ಇರುವವರ ಕಷ್ಟ ಬೇರೆ: ಪ್ರತಿ ಪಿಎಸ್‌ಎ (ಪ್ರಾಸ್ಟೇಟ್ ರಕ್ತಕ್ಕೆ ಬಿಡುವ ಪ್ರೋಟೀನ್) ಪರೀಕ್ಷೆಯ ಮುಂಚಿನ ವಾರದ ಪುಕಪುಕ. ಪ್ರೊಟೆಕ್ಟ್‌ನ 1,643 ಜನರಲ್ಲಿ 15 ವರ್ಷದೊಳಗೆ ಈ ಕ್ಯಾನ್ಸರಿನಿಂದ ಸತ್ತವರು ಮೂರೂ ಗುಂಪುಗಳಲ್ಲಿ ಹೆಚ್ಚುಕಡಿಮೆ ನೂರಕ್ಕೆ 2-3. ಆದರೆ ಬೇರೆ ಕಡೆಗೆ ಹರಡಿದ್ದು ನಿಗಾ ಗುಂಪಿನಲ್ಲಿ 9.4, ಉಳಿದೆರಡರಲ್ಲಿ 5ರ ಆಸುಪಾಸು. ನಿಗಾ ಗುಂಪಿನ ನೂರಕ್ಕೆ 61 ಜನ ಅಷ್ಟರೊಳಗೆ ಚಿಕಿತ್ಸೆಗೆ ಬಂದಿದ್ದರು. ಈಗಿನ ನಿಗಾದಲ್ಲಿ ಎಂಆರ್‌ಐ, ಮರುಬಯಾಪ್ಸಿ ಎಲ್ಲ ಇರುವುದರಿಂದ ಆಗಿನದಕ್ಕಿಂತ ಬಿಗಿ.

ಗ್ಲೀಸನ್ (ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಷ್ಟು ಉಗ್ರವಾಗಿ ಕಾಣುತ್ತದೆ ಎಂಬುದರ ಅಂಕ) 3+3, ಪಿಎಸ್‌ಎ 10ಕ್ಕಿಂತ ಕಡಿಮೆ ಇದ್ದರೆ ಕೆಲವು ವಾರ ಯೋಚಿಸಿದ್ದರಿಂದ ಸಾಮಾನ್ಯವಾಗಿ ಏನೂ ಕೆಡುವುದಿಲ್ಲ. (ಒಟ್ಟು 8ರಿಂದ 10 ಬರುವ ಗ್ಲೀಸನ್‌ಗೆ ಈ ಮಾತು ಅನ್ವಯಿಸದು.) ಆ ಅವಧಿಯಲ್ಲಿ ಬಯಾಪ್ಸಿ ಸ್ಲೈಡುಗಳನ್ನು ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿ, 3+3 ಎಂದದ್ದು 3+4 ಆಗುವುದೂ, ತಿರುಗಾಮುರುಗಾ ಆಗುವುದೂ ಉಂಟು, ಆಯ್ಕೆ ಅಲ್ಲೇ ಬದಲಾಗುತ್ತದೆ. ಸರ್ಜನ್ ಒಬ್ಬರನ್ನೇ ಕಂಡು ತೀರ್ಮಾನಿಸದೆ ರೇಡಿಯೇಷನ್ ವೈದ್ಯರನ್ನೂ ಕಾಣಿ. ಇಬ್ಬರಿಗೂ ಅವರವರ ಕೈಕೆಲಸವೇ ಮೇಲೆನ್ನಿಸುವುದು ಸಹಜ. ಪುಸ್ತಕದ ಅಂಕಿ ಬೇಡ, ನಿಮ್ಮ ವಯಸ್ಸಿನ ಅವರದೇ ರೋಗಿಗಳ ಅಂಕಿ ಕೇಳಿ.

ಆಗಿಹೋಗಿದ್ದರೆ? ವರ್ಷ ಕಳೆದರೂ ಸೋರಿಕೆ ನಿಲ್ಲದವರು ನಾಚಿಕೆಗೆ ಸುಮ್ಮನಿದ್ದು ಪ್ಯಾಡ್ ಬದಲಿಸುತ್ತಲೇ ಇರುತ್ತಾರೆ. ಹನಿ ಸೋರಿಕೆಗೆ ಮೂತ್ರನಾಳಕ್ಕೆ ಆಸರೆ ಕೊಡುವ ಪಟ್ಟಿ ಇದೆ. ಜಾಸ್ತಿ ಇದ್ದರೆ ಕೃತಕ ಬಿಗಿ: ನಾಳದ ಸುತ್ತ ನೀರು ತುಂಬಿದ ಬಳೆ, ವೃಷಣಚೀಲದೊಳಗೆ ಪುಟ್ಟ ಪಂಪ್. ಅದನ್ನು ಹಿಂಡಿದರೆ ಬಳೆ ಸಡಿಲವಾಗಿ ಮೂತ್ರ ಹೋಗುತ್ತದೆ, ಒಂದೆರಡು ನಿಮಿಷಕ್ಕೆ ತಾನಾಗಿಯೇ ಬಿಗಿಯುತ್ತದೆ.